ಬಿಳಿ ಹುಬ್ಬಿನ ಒಂದು ಕೂದಲು

ಮನೆಗೆ ಬಣ್ಣ ಹೊಡೆಯುವವರು ಬಂದಿದ್ದರು. ಅದಕ್ಕೆ ಮೊಮ್ಮಗಳು ಅಜ್ಜಿಯನ್ನು ತಾನು ಕೆಲಸ ಮಾಡುವ ಪ್ರಯೋಗಶಾಲೆಗೆ ಕರೆತಂದು, ಏನನ್ನೂ ಮುಟ್ಟಬೇಡ ಎಂದು ಹೇಳಿ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದಳು. ಅಜ್ಜಿ ಏನನ್ನೂ ಮುಟ್ಟಲಿಲ್ಲ. ಎಡವಟ್ಟು ಮಾಡಿಕೊಂಡವಳು ಮೊಮ್ಮಗಳೇ.

ಮೊದಲು ಕೂದಲು ಸುಟ್ಟ ವಾಸನೆ ಬಂತು. ಆಮೇಲೆ, "ಅಯ್ಯೋ, ನನ್ನ ಚಾಕು," ಎಂಬ ಸಣ್ಣ ದನಿ.

ಅದನ್ನು ಚಾಕು ಅಂದರೆ ಯಾರಿಗಾದರೂ ನಗು ಬರಬೇಕು. ಗಾಜಿನ ಕಡ್ಡಿಯ ತುದಿಗೆ ಮೇಣದಲ್ಲಿ ಅಂಟಿಸಿದ ಒಂದೇ ಒಂದು ಹುಬ್ಬಿನ ಕೂದಲು. ಸಾಸಿವೆ ಕಾಳಿನಷ್ಟಿರುವ ಕಪ್ಪೆಯ ಭ್ರೂಣವನ್ನು ಬಿಡಿಸಲು ಉಕ್ಕಿನ ಅಲಗು ತೀರ ಒರಟು. ಹುಬ್ಬಿನ ಕೂದಲಿಗೆ ಮಾತ್ರ ಆ ನಯವಿದೆ, ಆ ಚೂಪೂ ಇದೆ. ಚಿಮಟ, ಸೂಜಿಗಳನ್ನೆಲ್ಲ ಉರಿಗೆ ಹಿಡಿದು ಶುದ್ಧ ಮಾಡುವ ಅಭ್ಯಾಸಬಲದಲ್ಲಿ ಹುಡುಗಿ ಇದನ್ನೂ ಹಿಡಿದುಬಿಟ್ಟಿದ್ದಳು.

"ಇನ್ನೊಂದು ಕಿತ್ಕೋ," ಎಂದಳು ಅಜ್ಜಿ.

"ಎಲ್ಲಿಂದ ಕೀಳ್ಲಿ? ಚಿಕ್ಕಪ್ಪನ ಮಗಳ ಮದುವೆಗೆ ಅಂತ ನಿನ್ನೆ ತಾನೆ ಹುಬ್ಬು ತೀಡಿಸ್ಕೊಂಡೆ. ನೋಡು, ಪೆನ್ಸಿಲ್ ಗೆರೆಯಷ್ಟೇ ಉಳಿದಿದೆ."

"ಮದುವೆ ಅವಳದ್ದು, ಶೋಕಿ ನಿಂದು."

ಅಷ್ಟರಲ್ಲಿ ದೊಡ್ಡ ಮೇಡಂ ಬಂದರು. ಮೊಮ್ಮಗಳ ಕೆಲಸಕ್ಕೆ ಅವರೇ ಗುರು. ಸಂಗತಿ ಕೇಳಿ ತಮ್ಮ ಹುಬ್ಬು ಸವರಿಕೊಂಡು, "ನನ್ನದು ಬಣ್ಣ ಹಚ್ಚಿದ್ದು. ಭ್ರೂಣಕ್ಕೆ ಆಗಿಬರಲ್ಲ. ಹೊರಗೆ ಯಾರಿಗೂ ಹೇಳ್ಬೇಡಿ ಮತ್ತೆ," ಎಂದರು. ಆಮೇಲೆ ನಗು ಬಿಟ್ಟು ಹೇಳಿದರು: "ಮಧ್ಯಾಹ್ನದ ಹೊತ್ತಿಗೆ ಭ್ರೂಣ ಬೆಳೆದುಬಿಡತ್ತೆ, ಆಮೇಲೆ ಕಸಿ ಮಾಡಕ್ಕಾಗಲ್ಲ. ಇದು ಕೊನೇ ಸಲ ಅಂತ ಮಾತಾಗಿದೆಯಲ್ಲಮ್ಮ. ಆಗದಿದ್ರೆ ನಾಳೆಯಿಂದ ಬೇರೆ ಪ್ರಶ್ನೆ ಹಿಡಿ."

ಮೊಮ್ಮಗಳ ಪ್ರಶ್ನೆ ಏನೆಂದು ಅಜ್ಜಿಗೆ ಗೊತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಭ್ರೂಣದ ಬೆನ್ನಿನ ಮಡಿಕೆಯ ಅಂಚಿನಲ್ಲಿ ಕೆಲವು ಜೀವಕೋಶಗಳು ಹುಟ್ಟುತ್ತವೆ. ಅವಕ್ಕೆ ನರಶಿಖೆ ಎಂದು ಹೆಸರು. ಹುಟ್ಟಿದಲ್ಲೇ ನಿಲ್ಲುವ ಜಾತಿಯಲ್ಲ ಅವು. ಗುಂಪುಗುಂಪಾಗಿ ಕೆಳಕ್ಕೆ ನಡೆದುಹೋಗಿ ದವಡೆಯಾಗುತ್ತವೆ, ಮುಖದ ಎಲುಬಾಗುತ್ತವೆ, ನರವಾಗುತ್ತವೆ, ಮೈಬಣ್ಣವಾಗುತ್ತವೆ. ಈ ಹುಡುಗಿ ಒಂದು ಹೊಸ ಜೀನಿನ ಬಾಯಿ ಮುಚ್ಚಿಸಿದ್ದಳು. ಕೋಶಗಳು ಹೊರಡದೆ ನಿಂತುಬಿಟ್ಟವು. ಅವಕ್ಕೆ ನಡೆಯುವ ಶಕ್ತಿಯೇ ಹೋಯಿತೋ, ಅವನ್ನು ಕರೆಯುವವರು ಇಲ್ಲವಾದರೋ? ಶಕ್ತಿಯೇ ಹೋಗಿದೆ ಅನ್ನುವುದು ಮೇಡಂ ಅವರ ಅಂದಾಜು. ಕರೆ ನಿಂತಿದೆ ಅನ್ನುವುದು ಮೊಮ್ಮಗಳ ಹಟ. ನಿಂತ ಕೋಶಗಳನ್ನು ತೆಗೆದು ಆರೋಗ್ಯವಾಗಿರುವ ಭ್ರೂಣಕ್ಕೆ ಕಸಿ ಮಾಡಿದರೆ ತಿಳಿಯುತ್ತದೆ. ಅಲ್ಲಿ ನಡೆದರೆ ಹುಡುಗಿ ಗೆದ್ದಳು.

ಅಜ್ಜಿ ಸ್ಟೂಲಿನಿಂದಿಳಿದು ದೀಪದ ಕೆಳಗೆ ಮುಖವೊಡ್ಡಿದಳು. ಅವಳ ಹುಬ್ಬು ಜನ್ಮದಲ್ಲಿ ತೀಡುವ ದಾರ ಕಂಡದ್ದಲ್ಲ. ಪೊದೆಯಂತೆ ಬೆಳೆದು ಕಣ್ಣಿನ ಮೇಲೆ ಬಾಗಿತ್ತು.

"ಕಿತ್ಕೋ. ಬಿಳಿದಾದ್ರೆ ಬೇಡವೇನು?"

ಮೇಡಂ ಬಗ್ಗಿ ನೋಡಿದರು. "ಬಿಳಿದೇ ಒಳ್ಳೇದು ಅಮ್ಮ. ಕಪ್ಪೆ ಭ್ರೂಣ ಕಂದು ಬಣ್ಣ. ಎದ್ದು ಕಾಣತ್ತೆ."

"ನೋವಾಗತ್ತೆ ಅಜ್ಜಿ."

"ನಿಮ್ಮಪ್ಪನ್ನ ಹೆತ್ತೋಳು ನಾನು. ಕೀಳೇ."

ಚುರ್ರೆಂದಿತು, ಕಣ್ಣಲ್ಲಿ ನೀರೂ ಬಂತು. ಹುಡುಗಿ ಕೂದಲನ್ನು ಮೇಣದಲ್ಲಿ ನಿಲ್ಲಿಸಿದಳು. ಈ ಸಲ ಉರಿಯ ತಂಟೆಗೆ ಹೋಗದೆ ಸ್ಪಿರಿಟ್ಟಿನಲ್ಲಿ ಅದ್ದಿ ಆರಿಸಿದಳು. ಆಮೇಲೆ ಅವಳ ಬೆನ್ನು ಅಲುಗಲಿಲ್ಲ. ಬೆರಳು ಅಲುಗುತ್ತಿತ್ತೋ ಇಲ್ಲವೋ, ಕೂತಲ್ಲಿಂದ ಕಾಣುತ್ತಿರಲಿಲ್ಲ. ತಾನು ಚಮಚ ಹಿಡಿಯಲು ಕಲಿಸಿದ ಕೈ ಅದು ಎಂದು ಅಜ್ಜಿ ನೋಡುತ್ತಲೇ ಇದ್ದಳು. ಹಸಿರಾಗಿ ಹೊಳೆಯುವ ಬಣ್ಣ ತುಂಬಿದ ಕೋಶಗಳ ತುಣುಕೊಂದು ಒಂದು ಭ್ರೂಣದಿಂದ ಎದ್ದು ಇನ್ನೊಂದರ ಗಾಯದಲ್ಲಿ ಕೂತಿತು. ಮೇಲೆ ಗಾಜಿನ ಚೂರೊಂದನ್ನು ಭಾರಕ್ಕಿಟ್ಟಳು. ಅರ್ಧ ಗಂಟೆಗೆಲ್ಲ ಗಾಯ ಕೂಡಿಕೊಂಡಿತ್ತು.

ಇನ್ನು ಕಾಯುವುದು. ಮೊಮ್ಮಗಳು ಉಗುರು ಕಚ್ಚುತ್ತಾ ಕೂತಳು. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಅಜ್ಜಿ ಕೇಳಿದಳು, "ಅಲ್ಲವೇ, ಕಣ್ಣಿಲ್ಲ, ಕಿವಿಯಿಲ್ಲ, ದಾರಿ ಹೇಗೆ ಗೊತ್ತಾಗತ್ತೆ ಅವಕ್ಕೆ?"

"ಮುಂದಿರೋ ಬೇರೆ ಕೋಶಗಳು ಒಂದು ರಸ ಬಿಡ್ತವೆ. ಅದನ್ನ ಹಿಡ್ಕೊಂಡು ಇವು ಹೋಗ್ತವೆ. ಹೋಗಿ ಮುಟ್ಟಿದ್ರೆ ಅವು ಮುಂದಕ್ಕೆ ಓಡ್ತವೆ. ಇವು ಮತ್ತೆ ಬೆನ್ನಟ್ತವೆ."

"ಮುಟ್ಟಾಟ."

"ಹ್ಞೂಂ, ಅದೇ. ತಮ್ಮತಮ್ಮಲ್ಲಿ ತಾಗಿದ್ರೆ ಮುಖ ತಿರುಗಿಸ್ಕೊಂಡು ದೂರ ಸರೀತವೆ. ತೀರ ದೂರ ಹೋದ್ರೆ ಒಂದನ್ನೊಂದು ಕರೀತವೆ. ಹಾಗಾಗಿ ಗುಂಪು ಒಡೆಯಲ್ಲ."

ಅಜ್ಜಿ ಬಾಯಿಮೇಲೆ ಕೈಯಿಟ್ಟು ಕೂತುಬಿಟ್ಟಳು. ಅವಳು ಶಿಶುವಿಹಾರದಲ್ಲಿ ಆಯಾ ಆಗಿ ಕೂದಲು ಹಣ್ಣಾಗಿಸಿಕೊಂಡವಳು. ಮಕ್ಕಳನ್ನು ರಸ್ತೆ ದಾಟಿಸುವಷ್ಟರಲ್ಲಿ ಅವಳ ಗಂಟಲು ಹರಿಯುತ್ತಿತ್ತು. ಒಬ್ಬ ಮುಂದೋಡಿದರೆ ಇನ್ನೊಬ್ಬಳು ಹಿಂದೆ ಕಲ್ಲು ಆರಿಸುತ್ತಾ ನಿಲ್ಲುತ್ತಿದ್ದಳು. ಇಲ್ಲಿ ನೋಡಿದರೆ ಕೂಗುವ ಆಯಾ ಇಲ್ಲ, ಗಂಟೆಯಿಲ್ಲ, ಆದರೂ ಒಂದೂ ದಾರಿ ತಪ್ಪುವುದಿಲ್ಲ. ಅವಳು ತನ್ನ ದವಡೆಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇದೂ ಹೀಗೇ ನಡೆದು ಬಂದದ್ದೋ?"

"ಹೀಗೇ. ಕಪ್ಪೇದೂ ನಿಂದೂ ಒಂದೇ ಕಥೆ."

"ನಿಮ್ಮ ತಾತ ಅಂತಿದ್ದದ್ದೂ ಅದೇ, ನನ್ನ ಬಾಯಿ ನೋಡಿ."

ಸಂಜೆ ಮೇಡಂ ದೀಪ ಆರಿಸಿ ಸೂಕ್ಷ್ಮದರ್ಶಕದ ನೀಲಿ ಬೆಳಕು ಹಾಕಿದರು. ಹುಡುಗಿ ಎದ್ದಳು, ಮತ್ತೆ ಕೂತಳು.

"ಅಜ್ಜಿ, ನೀನು ನೋಡು ಮೊದಲು. ನನ್ನ ಕೈಲಾಗಲ್ಲ."

ಅಜ್ಜಿ ಕಣ್ಣಿಟ್ಟಳು. ಮೊದಲು ಬರೀ ಕತ್ತಲು. ಆಮೇಲೆ ಕತ್ತಲೊಳಗೆ ಹಸಿರು. ತುಣುಕು ಇಟ್ಟ ಜಾಗದಲ್ಲಿ ಈಗ ಉಂಡೆ ಇರಲಿಲ್ಲ. ಅಲ್ಲಿಂದ ಮೂರು ಧಾರೆ ಕೆಳಕ್ಕಿಳಿದಿದ್ದವು, ಒಂದು ಕಣ್ಣಾಗುವ ಉಬ್ಬನ್ನು ಬಳಸಿ, ಉಳಿದೆರಡು ಅದರ ಹಿಂದೆ, ಒಂದಕ್ಕೊಂದು ಬೆರೆಯದೆ. ಪ್ರತಿ ಧಾರೆಯ ತುದಿಯಲ್ಲಿ ಚುಕ್ಕಿಗಳು ಮುಂದಕ್ಕೆ ಚಾಚಿಕೊಂಡಿದ್ದವು.

"ಹೊರಟಿದ್ದಾರೆ ಕಣೇ," ಎಂದಳು, ಮಕ್ಕಳ ಬಗ್ಗೆ ಹೇಳುವಂತೆ. "ಎಲ್ಲರೂ ಹೊರಟಿದ್ದಾರೆ. ಸಾಲು ಬಿಟ್ಟಿಲ್ಲ."

ಮೊಮ್ಮಗಳು ಅಜ್ಜಿಯ ಹೆಗಲು ಹಿಡಿದು ಸರಿಸಿ ತಾನೂ ನೋಡಿದಳು. ನೋಡಿದವಳು ಕಣ್ಣು ತೆಗೆಯಲೇ ಇಲ್ಲ. ಕೊನೆಗೆ ಮೇಡಂ ಅವಳ ಬೆನ್ನು ತಟ್ಟಿ ಏಳಿಸಬೇಕಾಯಿತು. ಅವರೂ ಬಹಳ ಹೊತ್ತು ನೋಡಿದರು.

"ಕೋಶಗಳ ಕಾಲು ಗಟ್ಟಿಯಾಗೇ ಇದೆ," ಎಂದರು ನಿಧಾನವಾಗಿ. "ಕರೆಯೋರಿರಲಿಲ್ಲ ಅಷ್ಟೆ. ಸರಿಯಮ್ಮ, ನಿನ್ನ ಪ್ರಶ್ನೆ ನಿನಗೇ ಇರಲಿ. ನಾಳೆ ಇನ್ನಷ್ಟು ಭ್ರೂಣಗಳಲ್ಲಿ ಮಾಡು." ಆಮೇಲೆ ಅಜ್ಜಿಯ ಕಡೆ ತಿರುಗಿದರು. "ಅಮ್ಮ, ನಾಳೇನೂ ನಿಮ್ಮ ಮನೇಲಿ ಬಣ್ಣ ಹೊಡೀತಾರಾ?"

"ಹೊಡೀದಿದ್ರೂ ಬರ್ತೀನಿ," ಎಂದಳು ಅಜ್ಜಿ, ಇನ್ನೊಂದು ಹುಬ್ಬನ್ನು ಸವರಿಕೊಳ್ಳುತ್ತಾ. "ಈಗ ಸ್ವಲ್ಪ ಸರೀರಿ. ಎಲ್ಲೀವರೆಗೆ ಹೋದ್ರು, ಇನ್ನೊಂದ್ಸಲ ನೋಡ್ತೀನಿ."