ಹೊಸಪೇಟೆಯ ಡೀಸೆಲ್

ದೆಹಲಿ ಹತ್ತಿರದ ಮಾನೇಸರ್‌ನ ಆ ವರ್ಕ್‌ಶಾಪಿನಲ್ಲಿ ವೈಜಯಂತಿಗೆ ಸಿಕ್ಕಿದ್ದು ಮೂರೇ ದಿನದ ಪರೀಕ್ಷೆ. ಪಾಸಾದರೆ ಮೆಕ್ಯಾನಿಕ್ ಕೆಲಸ, ಇಲ್ಲದಿದ್ದರೆ ಆಫೀಸಿನ ಕೌಂಟರಿನಲ್ಲಿ ಕೂತು ಬಿಡಿಭಾಗಗಳ ರಸೀದಿ ಬರೆಯುವ ಕೆಲಸ. ಹೆಣ್ಣುಮಗಳಿಗೆ ಕೌಂಟರೇ ಸರಿ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಪರೀಕ್ಷೆಯೆಲ್ಲ ಬರೀ ಶಾಸ್ತ್ರಕ್ಕೆ. ಗದಗಿನಲ್ಲಿ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಟ್ರ್ಯಾಕ್ಟರುಗಳ ಕೆಳಗೆ ಮಲಗಿ ಕೆಲಸ ಕಲಿತವಳಿಗೆ ಕೌಂಟರ್ ಎಂಬ ಮಾತು ಕೇಳಿದರೇ ಮೈ ಉರಿಯುತ್ತಿತ್ತು.

ಹೆಡ್ ಮೆಕ್ಯಾನಿಕ್ ಕಿಶನ್ ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಮೊದಲೆರಡು ದಿನ ಅವರು ಅವಳಿಗೆ ಕೊಟ್ಟದ್ದು ಗಾಲ್ಫ್ ಮೈದಾನದಿಂದ ಬಂದ ಹುಲ್ಲು ಕತ್ತರಿಸುವ ಯಂತ್ರಗಳ ಅಲಗು ಮಸೆಯುವ ಕೆಲಸ. ಒಂದಲ್ಲ ಎರಡಲ್ಲ, ಹನ್ನೊಂದು ಯಂತ್ರ. ಅವಳು ಎಲ್ಲವನ್ನೂ ಮಸೆದಳು. ಉಸ್ತಾದ್ ಒಂದು ಅಲಗಿನ ಮೇಲೆ ಹಾಳೆಯನ್ನೆಳೆದು, ಅದು ಸರಕ್ಕನೆ ಹರಿದದ್ದನ್ನು ನೋಡಿ "ಹ್ಞೂಂ" ಎಂದರು. ಆ ಹ್ಞೂಂ ಒಳ್ಳೆಯದೋ ಕೆಟ್ಟದ್ದೋ ದೇವರಿಗೇ ಗೊತ್ತು.

ಮೂರನೆಯ ದಿನ ಬೆಳಿಗ್ಗೆ ಅಂಗಳವೆಲ್ಲ ಜನವರಿಯ ಮಂಜು. ನಾಲ್ಕು ಡಿಗ್ರಿ ಚಳಿಯಲ್ಲಿ ಸ್ಪ್ಯಾನರ್ ಮುಟ್ಟಿದರೆ ಬೆರಳು ಕಚ್ಚಿದಂತಾಗುತ್ತಿತ್ತು. ನಡುವೆ ಮಣ್ಣು ಅಗೆಯುವ ಒಂದು ದೊಡ್ಡ ಎಕ್ಸ್‌ಕವೇಟರ್ ಮೊಂಡು ಹಿಡಿದು ನಿಂತಿತ್ತು. ರಸ್ತೆ ಕಾಮಗಾರಿಗೆಂದು ಹೊಸಪೇಟೆಯಿಂದ ಟ್ರೇಲರಿನಲ್ಲಿ ಬಂದದ್ದು, ಸರ್ವಿಸಿಗೆ ನಿನ್ನೆ ಮಧ್ಯಾಹ್ನ ಇಲ್ಲಿ ಇಳಿದಿತ್ತು. ಈಗ ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

"ಎಂಜಿನ್ನಿನ ಡೀಸೆಲ್ ಪಂಪ್ ಹೋಗಿದೆ. ಬಿಚ್ಚಿ, ಗುರುಗ್ರಾಮಕ್ಕೆ ಕಳಿಸಬೇಕು," ಎಂದರು ಉಸ್ತಾದ್ ಹಿಂದಿಯಲ್ಲಿ.

ಯಂತ್ರದ ಜೊತೆ ಬಂದಿದ್ದ ಆಪರೇಟರ್ ಬಸವಲಿಂಗಪ್ಪ ಗೋಡೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಅವರಿಗೆ ಹಿಂದಿ ಬಾರದು, ಅವರನ್ನು ಯಾರೂ ಕೇಳಲೂ ಇಲ್ಲ. ಮ್ಯಾನೇಜರ್ ಶ್ರೀವತ್ಸ ದೆಹಲಿಯ ರೋಹಿಣಿಯಲ್ಲಿ ಬೆಳೆದ ಕನ್ನಡದವನು. ಅವನಾದರೂ ಕೇಳಬಹುದಿತ್ತು. ಆದರೆ ಅವನು ಕೇಳಿದ್ದು ಯಂತ್ರದ ಕಾಗದಪತ್ರ ಮಾತ್ರ. ವೈಜಯಂತಿಗೆ ತಡೆಯಲಾಗಲಿಲ್ಲ.

"ಕಾಕಾ, ನಿನ್ನೆ ಇಳಿಸುವಾಗ ಚಾಲೂ ಆಗಿತ್ತೇನ್ರಿ?"

ಅಷ್ಟು ದೂರದಲ್ಲಿ ತಮ್ಮ ಕಡೆಯ ಮಾತು ಕೇಳಿ ಮುದುಕನ ಮುಖ ಅರಳಿತು. "ಒಂದ ಸಲಕ್ಕ ಚಾಲೂ ಆತಲ್ಲ ತಂಗಿ! ಬಿಸಿಲಿತ್ತು, ನಾನ ಇಳಿಸೀನಿ."

"ಡೀಸೆಲ್ ಎಲ್ಲಿ ಹಾಕ್ಸಿದ್ರಿ?"

"ಹೊಸಪೇಟ್ಯಾಗ, ಫುಲ್ ಟ್ಯಾಂಕ್. ಪರಊರಿನ ಡೀಸೆಲ್ ಹೆಂಗಿರತೈತೋ ಏನೋ. ನನ್ನ ಗಾಡಿಗೆ ನಾ ಹಾಕಂಗಿಲ್ಲ ನೋಡು," ಎಂದರು, ಮಗುವಿಗೆ ಬುತ್ತಿ ಕಟ್ಟಿ ಕಳಿಸಿದವರ ಹೆಮ್ಮೆಯಲ್ಲಿ.

ವೈಜಯಂತಿಗೆ ಥಟ್ಟನೆ ಡಿಪ್ಲೊಮಾದ ಪಾಠ ನೆನಪಾಯಿತು. ಚಳಿ ನಾಡಿನಲ್ಲಿ ಚಳಿಗಾಲಕ್ಕೆಂದೇ ಬೇರೆ ಡೀಸೆಲ್ ಬರುತ್ತದೆ, ಬೆಚ್ಚಗಿನ ಊರಿನದು ಅಲ್ಲಿ ಗಟ್ಟಿಯಾಗುತ್ತದೆ ಎಂದು ಪಠ್ಯದಲ್ಲಿ ಒಂದು ಸಾಲಿತ್ತು. "ಇದು ನಮ್ಮ ಕಡೆ ಬರಂಗಿಲ್ಲ, ಬಿಡ್ರಿ" ಎಂದು ಮೇಷ್ಟ್ರು ಅದನ್ನು ಹಾರಿಸಿಬಿಟ್ಟಿದ್ದರು. ಅವಳು ಹೋಗಿ ಫಿಲ್ಟರ್ ಬಿಚ್ಚಿದಳು. ಒಳಗೆ ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಹಾಗೆ ಬೆಳ್ಳಗೆ ಮೆತ್ತಿಕೊಂಡಿತ್ತು.

ಅಷ್ಟರಲ್ಲಿ ಉಸ್ತಾದ್ ಪಂಪಿನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿಯಾಗಿತ್ತು. ಪರೀಕ್ಷೆಯ ಕೊನೆಯ ದಿನ, ಇಪ್ಪತ್ತೆಂಟು ವರ್ಷ ಅನುಭವದ ಉಸ್ತಾದರಿಗೆ 'ನೀವು ತಪ್ಪು' ಎನ್ನಬೇಕು. ಸುಮ್ಮನಿದ್ದರೆ ಕೆಲಸ ಸಿಕ್ಕರೂ ಸಿಗಬಹುದು, ಆದರೆ ಆಮೇಲೆ ಆ ಕೆಲಸ ಮಾಡಲು ಯಾವ ಮುಖವಿದೆ?

"ಉಸ್ತಾದ್‌ಜಿ, ಪಂಪ್ ಬಿಚ್ಚಬೇಡಿ," ಎಂದಳು ಹರಕುಮುರುಕು ಹಿಂದಿಯಲ್ಲಿ, ಫಿಲ್ಟರ್ ಮುಂದೆ ಹಿಡಿದು. "ಡೀಸೆಲ್ ಗಟ್ಟಿಯಾಗಿದೆ. ದಕ್ಷಿಣದ್ದು."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉಸ್ತಾದ್ ಮುಖ ಸಿಂಡರಿಸಿದರು. "ಅದು ಪಹಾಡದಲ್ಲಿ, ಹಿಮ ಬೀಳೋ ಬೆಟ್ಟದ ಮೇಲೆ ಆಗೋದು ಬೇಟಿ. ಇಲ್ಲಿ ನಾನು ಒಂದು ದಿನವೂ ಕಂಡಿಲ್ಲ."

"ಇಲ್ಲಿನ ಬಂಕ್‌ನವರು ಚಳಿಗಾಲದ ಡೀಸೆಲ್ಲೇ ಕೊಡ್ತಾರಲ್ಲ, ನಿಮಗೆ ಅದು ಕಾಣೋದಾದರೂ ಹೇಗೆ?"

ಉಸ್ತಾದ್ ಸ್ಪ್ಯಾನರ್ ಕೆಳಗಿಟ್ಟು ಚಹಾದ ಲೋಟ ಎತ್ತಿಕೊಂಡರು. "ಅಚ್ಛಾ. ನನ್ನ ಚಹಾ ಮುಗಿಯೋವರೆಗೂ ಟೈಮ್."

ಅವಳು ಹೊಸ ಫಿಲ್ಟರ್ ಕೂರಿಸಿದಳು. ಟ್ಯಾಂಕಿನಿಂದ ಬರುವ ಪೈಪ್ ಕಳಚಿ, ಅದರ ತುದಿಯನ್ನು ಇಲ್ಲಿನದೇ ಡೀಸೆಲ್ ತುಂಬಿದ ಕ್ಯಾನಿಗೆ ಇಳಿಬಿಟ್ಟಳು. ಪೈಪಿಗೆ ಬಟ್ಟೆ ಸುತ್ತಿ ಚಹಾದಂಗಡಿಯ ಬಿಸಿನೀರು ಹೊಯ್ದಳು. ಬಸವಲಿಂಗಪ್ಪ ಕಂಬಳಿ ಎಸೆದು ಸೀಟಿಗೇರಿದರು.

ಮೊದಲ ಸಲ ಕೆಮ್ಮಿತು. ಎರಡನೆಯ ಸಲವೂ ಅಷ್ಟೇ. ಉಸ್ತಾದರ ಲೋಟ ಬರಿದಾಗುತ್ತ ಬಂದಿತ್ತು. ಮೂರನೆಯ ಸಲ ಎಕ್ಸ್‌ಕವೇಟರ್ ಒಂದು ಮೋಡದಷ್ಟು ಕಪ್ಪು ಹೊಗೆ ಉಗುಳಿ, ಅಂಗಳ ಅದುರುವಂತೆ ಗುಡುಗಿತು. ವೈಜಯಂತಿಗೆ ಎಷ್ಟು ಖುಷಿಯಾಯಿತೆಂದರೆ ಮಸಿಗೈಯಲ್ಲೇ ಕಣ್ಣೊರೆಸಿಕೊಂಡಳು.

ಶ್ರೀವತ್ಸ ಆಫೀಸಿನಿಂದ ಓಡಿಬಂದ. "ಅರೆ ವಾಹ್! ಕಸ್ಟಮರ್ ಹತ್ರ ಎಷ್ಟು ಚೆನ್ನಾಗಿ ಮಾತಾಡಿ ವಿಷಯ ತೆಗೆದೆ! ಕೌಂಟರಿಗೆ ಇಂಥವರೇ ಬೇಕು. ಸೋಮವಾರದಿಂದ ಪಕ್ಕಾ."

ಗೆದ್ದದ್ದಕ್ಕೇ ಈ ಶಿಕ್ಷೆಯೇ? "ಸರ್, ನಾನು ಕೇಳಿದ್ದು ಯಂತ್ರದ ಸಲುವಾಗಿ. ನನಗ ಕೌಂಟರ್ ಬ್ಯಾಡ," ಎಂದಳು.

ಉಸ್ತಾದರಿಗೆ ಕನ್ನಡ ತಿಳಿಯದು. ಕೌಂಟರ್ ಎಂಬ ಮಾತು, ಅವಳ ಮುಖ, ಇವೆರಡೇ ಸಾಕಾದವು. "ಸಾಹೇಬ್, ಕೌಂಟರಿಗೆ ಬೇರೆ ಯಾರನ್ನಾದರೂ ಹುಡುಕಿ," ಎಂದರು. "ಯಂತ್ರದ ಜೊತೆ ಬಂದ ಮನುಷ್ಯನನ್ನು ನಾನು ಇಷ್ಟು ವರ್ಷ ಏನೂ ಕೇಳಿದವನಲ್ಲ. ಇವಳು ಕೇಳಿದಳು. ಇವಳು ನನಗೆ ಬೇಕು."

ಶ್ರೀವತ್ಸ ಆಗಲಿ ಎಂದು ತಲೆಯಾಡಿಸಿ ಆಫೀಸಿಗೆ ಮರಳಿದ. ಉಸ್ತಾದ್ ಅಂಗಳದತ್ತ ತಿರುಗಿ ಗದರಿದರು.

"ಟ್ಯಾಂಕಿನಲ್ಲಿ ಇನ್ನೂ ಮುನ್ನೂರು ಲೀಟರ್ ಕೂತಿದೆ. ಬಿಸಿಲೇರಿದ ಮೇಲೆ ಅಷ್ಟನ್ನೂ ಇಳಿಸಿ ಟ್ಯಾಂಕ್ ತೊಳೀಬೇಕು. ಸೊಂಟ ಮುರಿಯೋ ಕೆಲಸ. ಯಾರು ಮಾಡ್ತೀರಿ?"

ನಕ್ಕಿದ್ದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬೋಲ್ಟು ಹುಡುಕತೊಡಗಿದರು. ವೈಜಯಂತಿ ಆಗಲೇ ಬಕೆಟ್ ಹಿಡಿದು ಯಂತ್ರದ ಕೆಳಗೆ ನುಸುಳಿದ್ದಳು.