ನೋಟೀಸಿನ ಮೂರನೇ ಸಾಲು

ತೊಂಬತ್ತಾರರ ಮಾಘ. ಒಕ್ಕಲು ಮುಗಿದು ಗದ್ದೆಗಳು ಬರಿದಾಗಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಜಡೆ ಊರಿನ ಮಹೇಶ್ವರಪ್ಪ ಮಗಳು ಜಗದಾಂಬಳ ಜೊತೆ ನಿವೃತ್ತ ಮೇಷ್ಟ್ರು ಗಂಗಾಧರಪ್ಪನವರ ಜಗಲಿ ಹತ್ತಿದರು. ಅಳಿಯ ಕಳಿಸಿದ ವಕೀಲರ ನೋಟೀಸು ಮೂರು ದಿನದಿಂದ ಅವರ ಒಳಜೇಬಿನಲ್ಲೇ ಇತ್ತು. ಅಂಚೆಯವನು ತಡವರಿಸುತ್ತ ಅದನ್ನು ಓದಿ, ಮೂರನೇ ಸಾಲಿನ ಒಂದು ಇಂಗ್ಲಿಷ್ ಪದಕ್ಕೆ ಬಂದು ಕಾಗದ ಮಡಚಿಕೊಟ್ಟಿದ್ದ. ಅಂದಿನಿಂದ ಮಹೇಶ್ವರಪ್ಪ ಸರಿಯಾಗಿ ಉಂಡಿರಲಿಲ್ಲ.

“ನೋಡ್ರಿ ಮೇಷ್ಟ್ರೇ, ನಮ್ಮುಡುಗಿ ಬಗ್ಗೆ ಏನೋ ಬರೆಸ್ಯಾನೆ. ಕೆಟ್ಟ ಮಾತಾದ್ರೆ ಅವಳ ಮುಂದೆ ಹೇಳಬ್ಯಾಡ್ರಿ.”

“ಪರ್ವರ್ಸ್,” ಎಂದು ಓದಿದ ಮೇಷ್ಟ್ರು ಒಳಗಿನಿಂದ ರಟ್ಟು ಕಿತ್ತ ನಿಘಂಟು ತಂದರು. “ನೀವು ಹೆದರಿದಂಥದ್ದಲ್ಲ ಮಾರಾಯ್ರೆ. ಅಡ್ಡ ನಡತೆ ಅಂತ. ಬ್ಯಾಡ ಅಂದಿದ್ದನ್ನೇ ಬೇಕಂತ ಮಾಡಾದು, ತಪ್ಪು ಅಂತ ಗೊತ್ತಿದ್ರೂ ಬಿಡದೇ ಇರಾದು. ಬಲಕ್ಕೆ ಅಂದ್ರೆ ಎಡಕ್ಕೆ ಎಳೆಯೋ ಎತ್ತಿಗೂ ಅನ್ನಬಹುದು.”

“ಅಷ್ಟೇನಾ?” ಮಹೇಶ್ವರಪ್ಪ ನಕ್ಕೇಬಿಟ್ಟರು. ಕಣ್ಣು ಒದ್ದೆಯಾಗಿತ್ತು. “ಏನೇನೋ ಅನ್ಕಂಡು ಸತ್ತಿದ್ದೆ. ಹಟ ತಾನೇ! ಅದು ಇವಳಿಗೆ ಹುಟ್ಟಿದಾಗಿಂದ ಐತೆ.”

ಜಗದಾಂಬಳಿಗೆ ಎರಡನೆಯದೂ ಹೆಣ್ಣು. ಆ ಹೆರಿಗೆಯಲ್ಲಿ ಅವಳು ಉಳಿದದ್ದೇ ಹೆಚ್ಚು. ಇನ್ನೊಂದು ಹೆತ್ತರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರಮ್ಮ. ಗಂಡುಮಗು ಬೇಕೆನ್ನುತ್ತಿದ್ದ ಗಂಡ ರೇಣುಕಾಪ್ರಸಾದನನ್ನು ಕೇಳದೆ ಅವಳು ಆಪರೇಷನ್ ಮಾಡಿಸಿಕೊಂಡಳು. ಅವನು ಏಳು ವರ್ಷದ ದೊಡ್ಡ ಮಗಳು ಚೈತ್ರಶ್ರೀಯನ್ನು ಶಿಕಾರಿಪುರದಲ್ಲೇ ಇಟ್ಟುಕೊಂಡ. ತಪ್ಪಾಯಿತೆಂದು ಮುಚ್ಚಳಿಕೆ ಬರೆದುಕೊಟ್ಟರಷ್ಟೇ ಇವಳಿಗೆ ಮಗಳ ಮುಖ ಎಂದಿದ್ದ.

“ಸೋಮವಾರ ಹಿರೇರನ್ನ ಕರ್ಕಂಡು ಹೋಗಾಣ. ಒಂದು ಸಹಿ ಹಾಕು ತಾಯಿ, ಮುಗೀತು,” ಎಂದರು ಮಹೇಶ್ವರಪ್ಪ ಮಗಳಿಗೆ.

ಕಂಬಕ್ಕೆ ಒರಗಿದ್ದ ಜಗದಾಂಬ ಮುಂದೆ ಬಂದಳು. “ಮೇಷ್ಟ್ರೇ, ತಪ್ಪಲ್ಲ ಅಂತ ಗೊತ್ತಿದ್ದು ಮಾಡಿದ್ರೂ ಇದೇ ಪದನಾ?”

ಮೇಷ್ಟ್ರು ಮತ್ತೊಮ್ಮೆ ಪುಟದ ಮೇಲೆ ಬೆರಳಾಡಿಸಿದರು. “ಇಲ್ಲವ್ವ. ಅದಕ್ಕೆ ಇದು ಹತ್ತಾದಿಲ್ಲ.”

“ಹಂಗಾದ್ರೆ ನಾನು ಸಹಿ ಹಾಕಲ್ಲ.”

“ನೋಡಿದ್ರಾ! ಅಳಿಯ ಸುಳ್ಳು ಬರೆಸ್ಯಾನಾ?” ಎಂದರು ಮಹೇಶ್ವರಪ್ಪ. ಮೇಷ್ಟ್ರು ನಗಲಿಲ್ಲ.

ಆದರೂ ಗುರುವಾರ ಮಹೇಶ್ವರಪ್ಪ ಸೊರಬಕ್ಕೆ ಹೋಗಿ ಮುಚ್ಚಳಿಕೆಗೆಂದು ಛಾಪಾ ಕಾಗದ ತಂದರು. ಮರುದಿನ ಬೆಳಿಗ್ಗೆ ಮಗಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಶುಕ್ರವಾರ ಮನೆಮಗಳು ಹೊಸ್ತಿಲು ದಾಟಬಾರದು ಎಂದು ತಾಯಿ ಬಾಗಿಲಿಗೆ ಅಡ್ಡ ನಿಂತಳು. “ಆತವ್ವ,” ಎಂದಷ್ಟೇ ಹೇಳಿ ಜಗದಾಂಬ ಅವಳ ಪಕ್ಕದಿಂದ ನುಸುಳಿ ದಾಟಿದಳು.

“ಎಲ್ಲಿಗವ್ವ?” ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ.

“ಶಿಕಾರಿಪುರ. ಹೋಗಾಕೆ ಒಂದು, ಬರಾಕೆ ಒಂದೂವರೆ. ದೊಡ್ಡ ಮಗಳದ್ದು ಅರ್ಧ.”

“ಬರಾದು ಬರುವಾಗ ತಗಳವ್ವ.”

ಹಿಂದೆಯೇ ಓಡಿಬಂದಿದ್ದ ಮಹೇಶ್ವರಪ್ಪ ಛಾಪಾ ಕಾಗದವನ್ನು ಕಿಟಕಿಗೆ ಚಾಚಿದರು. ಅವಳು ಕೂಸಿನ ಟೋಪಿ ಕಟ್ಟುತ್ತಿದ್ದಳು. ಬಸ್ಸು ಮೂಡಣದ ಬಿಸಿಲಿಗೆ ಮುಖಮಾಡಿ ಹೊರಟಿತು. ಅವರು ಆ ಖಾಲಿ ಕಾಗದವನ್ನೇ ಹಣೆಗೆ ಅಡ್ಡ ಹಿಡಿದು ನೋಡುತ್ತ ನಿಂತರು. ಜಗದಾಂಬ ಹೋದದ್ದು ಆ ಶುಕ್ರವಾರ, ಏಳೂವರೆಯ ಬಸ್ಸಿಗೆ.