ಕಣಿಯ ದಾರಿ

“ಏಯ್ ಅಂಗಾರೆ, ಕಣಿ ತೋಡ್ಲಿಕ್ಕೆ ಬಂದದ್ದಾ, ನಿನ್ನ ಮನೆಯ ಚಂದ ನೋಡ್ಲಿಕ್ಕಾ? ಬಗ್ಗು, ಬೇವರ್ಸಿ!”

ಗುಡ್ಡೆಯ ರಬ್ಬರು ತೋಟದ ಒಡೆಯ ವೆಂಕಟಕೃಷ್ಣ ಧನಿಯ ಬೊಬ್ಬೆಗೆ ಅಂಗಾರೆ ಮತ್ತೆ ಬಗ್ಗಿದಳು. ಬಗ್ಗಿದರೂ ಕಣ್ಣು ಕೆಳಗೇ ಹೋಗುತ್ತಿತ್ತು. ಹೋಗದೆ ಇನ್ನೆಲ್ಲಿಗೆ ಹೋದೀತು? ಗುಡ್ಡೆಯ ಬುಡದಲ್ಲಿ ಅವಳದೇ ಮನೆ. ಹಿಂಬದಿಗೆ ಗೋಡೆ ಇಲ್ಲ, ಗೋಡೆಯ ಜಾಗದಲ್ಲಿ ನೀಲಿ ಟಾರ್ಪಾಲು. ಒಳಗೆ ಮಗಳು ತೃಷಾ, ಹಸಿ ಬಾಣಂತಿ.

ಆಟಿ ತಿಂಗಳ ಮಳೆಗೆ ಗುಡ್ಡೆ ಜರಿದಾಗ ಧನಿಯ ಒಂದಿಷ್ಟು ರಬ್ಬರು ಮರ ಹೋಯಿತು, ಅಂಗಾರೆಯ ಅಡುಗೆಕೋಣೆ ಹೋಯಿತು. ಮಣ್ಣು ಉಳಿಸಲಿಕ್ಕೆಂದು ಸರಕಾರ ತುರ್ತು ಸಬ್ಸಿಡಿ ಕೊಟ್ಟಿತು. ಯಾರಿಗೆ? ಮರ ಹೋದವನಿಗೆ. ಅವಳೂ ಆಫೀಸಿನ ಮೆಟ್ಟಿಲು ಹತ್ತಿದ್ದಳು. “ಇದು ಕೃಷಿಕರಿಗೆ ಅಮ್ಮ. ನಿಮ್ಮ ಜಾಗಕ್ಕೆ ಪಟ್ಟಯ ಉಂಟಾ, ಹಕ್ಕುಪತ್ರ?” ಎಂದು ಕೇಳಿ ವಾಪಸು ಕಳಿಸಿದ್ದರು. ಪಟ್ಟಯವಂತೆ! ಈ ಗುಡ್ಡೆಯ ಒಂದೊಂದು ರಬ್ಬರಿಗೂ ಗುಂಡಿ ತೋಡಿದ್ದು ಅವಳ ಅತ್ತೆ. ಅದನ್ನು ಯಾವ ಆಫೀಸಿನವನೂ ಕೇಳಲಿಲ್ಲ.

ಆ ಸಬ್ಸಿಡಿಯಲ್ಲಿ ಈಗ ಗುಡ್ಡೆಗೆ ಕೆಂಪುಕಲ್ಲಿನ ತಡೆಗೋಡೆ ಎದ್ದಿತ್ತು. ಅದರ ಹಿಂದೆ ನಿನ್ನೆಯ ಮಳೆನೀರು ನಿಂತಿತ್ತು. ಆ ನೀರು ಹೊರಗೆ ಹೋಗಲಿಕ್ಕೆ ಕಣಿ ಬೇಕು. ಬಲಕ್ಕೆ ಬಿಟ್ಟರೆ ರಬ್ಬರಿನ ನಡುವೆ ಹಾದು ಆಚೆ ಹರಿಯುವ ತೋಡಿಗೆ ಸೇರುತ್ತದೆ, ಆದರೆ ಧನಿಯ ಮರಗಳ ಬುಡ ಸಡಿಲವಾಗುತ್ತದೆ. ಹಾಗಾಗಿ ಕಣಿ ನೆಟ್ಟಗೆ ಕೆಳಕ್ಕೆ, ಟಾರ್ಪಾಲಿನ ಕಡೆಗೆ. ತೋಡುವವರು ಅಂಗಾರೆ ಮತ್ತು ಅವಳ ಗಂಡ ಬಟ್ಯ.

“ನೀರು ಸೀದಾ ನಮ್ಮ ಮನೆಗೇ ನುಗ್ತದಲ್ಲ ಧನಿ,” ಎಂದು ಬಟ್ಯ ಬೆಳಿಗ್ಗೆ ಹೇಳಿದ್ದ.

“ಹಾಗಾದ್ರೆ ನಿನ್ನ ಮನೆಯನ್ನು ಆಚೆ ಸರಿಸು ಮಾರಾಯ. ನನ್ನ ಮರಕ್ಕೆ ಕಾಲುಂಟಾ?”

ಧನಿ ನಕ್ಕ. ಬಟ್ಯನೂ ನಕ್ಕ. ಗಂಡನ ಆ ನಗು ಕಂಡು ಅಂಗಾರೆಗೆ ಮೈಯೆಲ್ಲ ಉರಿದಿತ್ತು.

ಮೂಡುದಿಕ್ಕು ಕಪ್ಪಾಗಿ ಗುಡುಗುವ ಹೊತ್ತಿಗೆ ಸಬ್ಸಿಡಿಯ ಆಫೀಸರು ಗಣೇಶಪ್ರಸಾದ ಕೆಲಸದ ಫೋಟೋ ತೆಗೆಯಲಿಕ್ಕೆ ಮೊಬೈಲು ಹಿಡಿದು ಗುಡ್ಡೆ ಹತ್ತಿ ಬಂದ. ಧನಿ ಮುಂಡು ಮೇಲೆ ಕಟ್ಟಿ, ಅಂಗಾರೆಯ ಕೈಯಿಂದ ಹಾರೆ ಕಿತ್ತುಕೊಂಡು, ಮೊಣಕಾಲಿಗೆ ಒಂದಿಷ್ಟು ಕೆಸರು ಬಳಿದುಕೊಂಡ.

“ತೆಗೀರಿ ಸಾರ್. ಕೃಷಿಕ ಅಂದ್ರೆ ಮಣ್ಣಲ್ಲೇ ಇರ್ಬೇಕು.”

ಆಫೀಸರು ತೆಗೆದ. ಮತ್ತೆ ಕೆಳಗೆ ನೋಡಿದ. “ಕಣಿ ಹೋಗಿ ಮುಟ್ಟುವ ಜಾಗದ್ದೂ ಒಂದು ಬೇಕು. ಅದೆಂತ ನೀಲಿ? ಮನೆ ಕಂಡ್ರೆ ಮೇಲಿನ ಆಫೀಸಲ್ಲಿ ಬಿಲ್ಲು ಪಾಸಾಗ್ಲಿಕ್ಕಿಲ್ಲ.”

“ಎಂತ ಮನೆ ಸಾರ್! ಆ ಟಾರ್ಪಾಲು ತೆಗೆದ್ರೆ ಹಾಳುಬಿದ್ದ ದನದ ಹಟ್ಟಿಯ ಹಾಗೆ ಕಾಣ್ತದೆ. ಬಟ್ಯಾ, ಓಡು, ಬಿಚ್ಚಿ ಹಾಕು. ಫೋಟೋ ಆದ್ಮೇಲೆ ಕಟ್ಟಿದ್ರಾಯ್ತು.”

“ಒಳಗೆ ಬಾಣಂತಿ ಉಂಟು ಧನಿ!” ಎಂದಳು ಅಂಗಾರೆ.

“ಅವಳ ಫೋಟೋ ಯಾರಿಗೆ ಬೇಕು? ಮೂಲೆಗೆ ಸರೀಲಿಕ್ಕೆ ಹೇಳು.”

ಮಳೆಯ ದಪ್ಪ ಹನಿ ಬೀಳತೊಡಗಿತು. ಬಟ್ಯ ತಲೆ ತಗ್ಗಿಸಿ ಇಳಿಯಲು ಹೊರಟೇಬಿಟ್ಟ.

“ನಿಲ್ಲಿ!” ಅಂಗಾರೆಯ ಸ್ವರಕ್ಕೆ ಆಫೀಸರೂ ಬೆಚ್ಚಿದ. “ಆ ಟಾರ್ಪಾಲಿಗೆ ಕೈ ಹಾಕಿದ್ರೆ ಇವತ್ತಿಗೆ ನೀವು ನನ್ನ ಗಂಡ ಅಲ್ಲ.”

ಅವಳು ಧನಿಯ ಕೈಯ ಹಾರೆಯನ್ನು ಎಳೆದಳು. ಅದಕ್ಕೇ ಆನಿಕೊಂಡಿದ್ದ ಧನಿ ಕೆಸರಿನಲ್ಲಿ ಕುಕ್ಕರಿಸಿದ. ತಡೆಗೋಡೆಯ ಬಲತುದಿಯಲ್ಲಿ ಕಲ್ಲು ಇನ್ನೂ ಕೂಡಿಸಿರಲಿಲ್ಲ, ಬರೀ ಮಣ್ಣು. ಅಂಗಾರೆ ಅಲ್ಲಿಗೇ ಹೊಡೆದಳು. ಮತ್ತೆ ಹೊಡೆದಳು. ಮಣ್ಣು ಕುಸಿದು ಕೆಂಪು ನೀರು ರಬ್ಬರಿನ ಬುಡಗಳತ್ತ ನುಗ್ಗಿತು.

“ರಂಡೆ! ನನ್ನ ಮರ! ಬಟ್ಯಾ, ಎಂತ ನೋಡ್ತಾ ನಿಂತಿದ್ದಿ ನಾಯಿ, ಮುಚ್ಚು ಅದನ್ನು!”

“ಈಗ ತೆಗೀರಿ ಸಾರ್,” ಅಂಗಾರೆ ರಬ್ಬರಿನ ಕಡೆಗೆ ಕೈ ತೋರಿಸಿದಳು. “ನೀರು ಹೋಗುವ ಜಾಗ ಅಲ್ಲಿ.”

ಬಟ್ಯ ಪಿಕ್ಕಾಸು ಎತ್ತಿಕೊಂಡು ಮೇಲೆ ಬಂದ. ಧನಿಯ ಮುಖ ನೋಡಲಿಲ್ಲ. ಹೆಂಡತಿಯ ಬದಿಯಲ್ಲಿ ಇಳಿದು, ಅವಳು ಒಡೆದ ಜಾಗವನ್ನು ಇನ್ನೂ ಅಗಲಕ್ಕೆ ಕಡಿಯತೊಡಗಿದ.